ಕಾಲು ಗುಂಟೆಯ ಚರಿತ್ರೆ

'ಹಿಂದಿನ ಮೂವತ್ತು ವರ್ಷದ್ದು ನೋಡಿದ್ರೆ ಸಾಕಮ್ಮ, ಅದಕ್ಕಿಂತ ಹಿಂದಕ್ಕೆ ಹೋಗೋದು ಬೇಡ' ಎಂದರು ಲಾಯರು. ಅವರ ಮೇಜಿನ ಮೇಲೆ ನಾವು ಕೊಳ್ಳಬೇಕೆಂದಿದ್ದ ಮನೆಯ ಕಾಗದಗಳ ಕಟ್ಟು ಇತ್ತು. ಜಯನಗರ ಆರನೇ ಬ್ಲಾಕಿನಲ್ಲಿ ಎರಡನೇ ಮಹಡಿಯ ಮನೆ. ಲಿಫ್ಟ್ ಇಲ್ಲ. 620 ಚದರ ಅಡಿ, ಬೆಂಗಳೂರಿನವರ ಲೆಕ್ಕದಲ್ಲಿ ಆರು ಚದರ ಚಿಲ್ಲರೆ. ಕಟ್ಟಿದ್ದು 1994ರಲ್ಲಿ. ನನಗೂ ಆ ಕಟ್ಟಡಕ್ಕೂ ವಯಸ್ಸಿನಲ್ಲಿ ಬಹಳ ಅಂತರವಿಲ್ಲ.

ನಾನು ಪಿಎಚ್.ಡಿ. ಮಾಡುತ್ತಿರುವುದು ಹಳೆಯ ಮೈಸೂರು ಸೀಮೆಯ ದಾನಶಾಸನಗಳಲ್ಲಿ ಬರುವ ಭೂಮಿಯ ಗಡಿಗಳ ಮೇಲೆ. ಐದು ವರ್ಷಗಳಿಂದ ಬೇರೆಯವರ ಹೊಲದ ಎಲ್ಲೆಗಳನ್ನು ಓದುತ್ತಾ ಕುಳಿತವಳಿಗೆ 'ಹಿಂದಕ್ಕೆ ಹೋಗೋದು ಬೇಡ' ಎಂದರೆ ಸುಮ್ಮನಿರುವುದು ಕಷ್ಟ. ಆ ಕಟ್ಟನ್ನು ಒಂದು ವಾರಕ್ಕೆ ಮನೆಗೆ ತಂದೆ.

ಮನೆ ಕೊಳ್ಳುವ ಆಸೆ ಅಮ್ಮನದು. ಅಪ್ಪ ಹೋದಮೇಲೆ ನಾವಿಬ್ಬರೂ ಜಯನಗರ, ಬನಶಂಕರಿ, ಮತ್ತೆ ಜಯನಗರ ಎಂದು ಐದು ಭೋಗ್ಯದ ಮನೆಗಳನ್ನು ಬದಲಾಯಿಸಿದ್ದೇವೆ. ಭೋಗ್ಯ ಬೆಂಗಳೂರಿನವರಿಗೆ ಹೇಳಿಕೊಡಬೇಕಾದ ಪದವಲ್ಲ. ಒಂದು ಇಡಿಗಂಟು ಕೊಟ್ಟು ಎರಡೋ ಮೂರೋ ವರ್ಷ ಬಾಡಿಗೆಯಿಲ್ಲದೆ ಇರುವುದು, ಹೊರಡುವಾಗ ಗಂಟನ್ನು ಹಿಂದಕ್ಕೆ ಪಡೆಯುವುದು. ಕಳೆದ ಸಲ ಆ ಗಂಟು ಹಿಂದಕ್ಕೆ ಬರಲು ಏಳು ತಿಂಗಳು ಹಿಡಿಯಿತು. ಅಮ್ಮ ಆಗಲೇ ನಿರ್ಧರಿಸಿದ್ದು. ಊರಾಚೆ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಅದೇ ದುಡ್ಡಿಗೆ ದೊಡ್ಡ ಮನೆ, ಈಜುಕೊಳ ಎಲ್ಲ ಸಿಗುತ್ತಿತ್ತು. ಅಮ್ಮ ಒಪ್ಪಲಿಲ್ಲ. 'ನಾಲ್ಕನೇ ಬ್ಲಾಕಿಗೆ ನಡೆದುಕೊಂಡು ಹೋಗೋ ಹಾಗಿರಬೇಕು ಕಣೇ, ಈಜುಕೊಳ ಇಟ್ಕೊಂಡು ನಾನೇನು ಮಾಡ್ಲಿ?' ಎಂದರು. ಸಂಜೆ ಶಾಪಿಂಗ್ ಕಾಂಪ್ಲೆಕ್ಸಿನ ಸುತ್ತ ಸೊಪ್ಪು, ಹೂವು, ಬಳೆ, ನೈಟಿ, ಸ್ಟೀಲ್ ಡಬ್ಬಿಗಳ ನಡುವೆ ಜನ ತಳ್ಳಿಕೊಂಡು ನಡೆಯುವುದನ್ನು ನೋಡಿದವರಿಗೆ ಈ ಮಾತು ಅರ್ಥವಾದೀತು. ಒಂಟಿ ಹೆಂಗಸಿಗೆ ಆ ಗದ್ದಲ ಒಂದು ಬಗೆಯ ಕಾವಲು.

ದುಡ್ಡಿನ ವಿಷಯಕ್ಕೆ ಬಂದರೆ ನನ್ನ ಫೆಲೋಶಿಪ್ಪನ್ನು ಬ್ಯಾಂಕು ಆದಾಯವೆಂದೇ ಎಣಿಸಲಿಲ್ಲ. ಅಮ್ಮನಿಗೆ ಮೇಷ್ಟ್ರ ಕೆಲಸದಿಂದ ನಿವೃತ್ತಿಯಾದಾಗ ಬಂದ ಹಣವಿತ್ತು. ಅದು ಸಾಲದೆ ಅವರು ತಿಪಟೂರಿನ ಹತ್ತಿರ ತಮ್ಮ ಪಾಲಿಗೆ ಬಂದಿದ್ದ ಇಪ್ಪತ್ತು ಗುಂಟೆ ಹೊಲವನ್ನು ಮಾರಿದರು. ಈ ಬರಹದ ಹಿಂದಿರುವುದು ಆ ಹೊಲ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಗದಗಳನ್ನು ನಾನು ಹಿಂದುಮುಂದಾಗಿ ಓದಿದೆ. ಮೇಲೆ ಕೊನೆಯ ಕ್ರಯಪತ್ರ, ಅದರ ಕೆಳಗೆ ಋಣಭಾರ ಪತ್ರಗಳು: ಈಚಿನವು ಕಂಪ್ಯೂಟರಿನವು, ಹಿಂದಿನವು ನೀಲಿ ಮಸಿಯ ಕೈಬರಹದವು. ಅದರ ಕೆಳಗೆ 1990ರ ದಶಕದಲ್ಲಿ ನಿವೇಶನದ ಒಡೆಯರು ಕಟ್ಟಡ ಕಟ್ಟುವವರ ಜೊತೆ ಮಾಡಿಕೊಂಡ ಒಪ್ಪಂದ. ಒಂದು ಸಂಸಾರ ವಾಸವಿದ್ದ ಮನೆಯನ್ನು ಕೆಡವಿ, 40-60ರ ನಿವೇಶನದಲ್ಲಿ ಎಂಟು ಮನೆ ಕಟ್ಟಿದ್ದರು. ಇನ್ನೂ ಕೆಳಗೆ 1970ರ ದಶಕದ ಶುದ್ಧ ಕ್ರಯಪತ್ರ. ಅದಕ್ಕೂ ಕೆಳಗೆ, ಮಡಿಕೆಗಳಲ್ಲಿ ಹರಿದು ಟೇಪು ಅಂಟಿಸಿಕೊಂಡು, ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಿನ 'ಲೀಸ್ ಕಮ್ ಸೇಲ್' ಒಪ್ಪಂದ.

ಈ ಬೋರ್ಡು 1945ರ ಕಾಯಿದೆಯಿಂದ ಹುಟ್ಟಿದ್ದು, 1976ರಲ್ಲಿ ಬಿ.ಡಿ.ಎ. ಬರುವವರೆಗೆ ಬೆಂಗಳೂರಿನ ಬಡಾವಣೆಗಳನ್ನು ಮಾಡಿದ್ದು. ಊರನ್ನು ಗೆರೆ ಎಳೆದು ಬೆಳೆಸುವ ಪದ್ಧತಿ ಅದಕ್ಕಿಂತ ಹಳೆಯದು. 1898ರ ಪ್ಲೇಗು ಪೇಟೆಯ ಇಕ್ಕಟ್ಟು ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಕಾಲಕ್ಕೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆಯತೊಡಗಿದವು. ಅಗಲ ರಸ್ತೆ, ಮನೆಯ ಸುತ್ತ ಗಾಳಿ ಆಡಲು ಜಾಗ ಬಿಡಬೇಕೆನ್ನುವ ನಿಯಮ, ಇವು ಆ ಕಾಲದಲ್ಲಿ ಆರೋಗ್ಯದ ಮಾತುಗಳಾಗಿದ್ದವು. ಅದೇ ವಿಚಾರ ಲಾಲ್‌ಬಾಗಿನ ಬಂಡೆಯ ಮೇಲಿರುವ ಕೆಂಪೇಗೌಡ ಗೋಪುರವನ್ನು ದಾಟಿ ದಕ್ಷಿಣಕ್ಕೆ ಬಂದಾಗ ಜಯನಗರವಾಯಿತು. 1948ರಲ್ಲಿ ಆಗಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಶಂಕುಸ್ಥಾಪನೆ ಮಾಡಿದರು. ಅದರ ಗುರುತಾಗಿ ಅಶೋಕ ಸ್ತಂಭ ಇಂದಿಗೂ ಟ್ರಾಫಿಕ್ಕಿನ ನಡುವೆ ನಿಂತಿದೆ. ಹೆಸರಿನಲ್ಲಿರುವ 'ಜಯ' ಮಹಾರಾಜ ಜಯಚಾಮರಾಜೇಂದ್ರ ಒಡೆಯರದು ಎನ್ನುತ್ತಾರೆ. ಮಹಾರಾಜರ ಹೆಸರು, ಅಶೋಕನ ಸಿಂಹ, ಸ್ವತಂತ್ರ ಭಾರತದ ಗವರ್ನರ್ ಜನರಲ್ ಎಲ್ಲ ಒಂದೇ ಕಡೆ ಸೇರಿದ ಆ ಗಳಿಗೆಯನ್ನು ತರಗತಿಯಲ್ಲಿ ಪಾಠ ಮಾಡುವುದಾದರೆ ಒಂದು ಪೀರಿಯಡ್ ಸಾಲದು.

ಲೀಸ್ ಕಮ್ ಸೇಲ್ ಪತ್ರದ ಷರತ್ತುಗಳನ್ನು ಓದಿದರೆ ಬೋರ್ಡು ಎಂಥ ಊರನ್ನು ಬಯಸಿತ್ತೆಂದು ತಿಳಿಯುತ್ತದೆ. ನಿವೇಶನ ಸಿಕ್ಕವರು ಹತ್ತು ವರ್ಷ ಬರಿಯ ಗುತ್ತಿಗೆದಾರರು. ನಿಗದಿಯಾದ ಅವಧಿಯೊಳಗೆ ವಾಸಕ್ಕೆ ಮನೆ ಕಟ್ಟಬೇಕು. ಆ ಹತ್ತು ವರ್ಷ ಮಾರಬಾರದು. ಷರತ್ತು ಮುರಿಯದಿದ್ದರೆ ಆಮೇಲೆ ಶುದ್ಧ ಕ್ರಯ. ಒಂದು ನಿವೇಶನ, ಒಂದು ಮನೆ, ಒಂದು ಸಂಸಾರ. ಜಾಗ ವ್ಯಾಪಾರದ ಸರಕಾಗಬಾರದು. ನಮ್ಮ ಕಟ್ಟಿನಲ್ಲಿದ್ದ ನಿವೇಶನವನ್ನು 1960ರ ದಶಕದಲ್ಲಿ ಪಡೆದವರು ಒಬ್ಬ ಸರ್ಕಾರಿ ಗುಮಾಸ್ತರು. ಅವರು ಷರತ್ತನ್ನು ಪಾಲಿಸಿದರು. ಮಕ್ಕಳ ಕಾಲಕ್ಕೆ ನೆಲದ ಬೆಲೆ ಮನೆಯ ಬೆಲೆಯನ್ನು ಎಷ್ಟೋ ಮೀರಿತ್ತು. ಪಾಲು ಮಾಡಿಕೊಳ್ಳಲು ನಾಲ್ವರಿದ್ದರು. ಅವರು ಕಟ್ಟಡ ಕಟ್ಟುವವರನ್ನು ಕರೆದರು. ಇದರಲ್ಲಿ ಯಾರದೂ ತಪ್ಪು ಕಾಣುವುದಿಲ್ಲ. ಜಯನಗರದ ಎಷ್ಟೋ ಅಡ್ಡರಸ್ತೆಗಳಲ್ಲಿ ನಡೆದದ್ದು ಇದೇ.

ಆ ಹರಿದ ಪತ್ರದ ಕೆಳಗೆ ಮತ್ತೇನೂ ಇರಲಿಲ್ಲ. ನಾನು ಲಾಯರಿಗೆ ಫೋನು ಮಾಡಿ 'ಸರ್, ಬೋರ್ಡಿಗೆ ಈ ಜಾಗ ಯಾರಿಂದ ಬಂತು?' ಎಂದು ಕೇಳಿದೆ. ಅವರು ನಕ್ಕರು. 'ಸರ್ಕಾರ ಸ್ವಾಧೀನ ಮಾಡ್ಕೊಂಡಿದ್ದಮ್ಮ. ಪ್ರಾಥಮಿಕ ಅಧಿಸೂಚನೆ, ಅಂತಿಮ ಅಧಿಸೂಚನೆ ಎಲ್ಲ ಆಗಿ ಹಳೇ ಹಕ್ಕೆಲ್ಲ ಅಲ್ಲಿಗೇ ಮುಗೀತು. ಬೋರ್ಡಿನ ಸೈಟು ಅಂದ್ರೆ ಅದಕ್ಕೇ ಜನ ಮುಗಿಬೀಳೋದು. ಟೈಟಲ್ ಕ್ಲಿಯರ್.'

ಕ್ಲಿಯರ್ ಎಂಬ ಆ ಮಾತು ನನ್ನನ್ನು ಎರಡು ದಿನ ಕಾಡಿತು. ಲಾಯರು ಹೇಳಿದ್ದರಲ್ಲಿ ಏನೂ ತಪ್ಪಿಲ್ಲ. ಕಾನೂನಿನ ಪ್ರಕಾರ ಜಾಗ ಶುದ್ಧವಾಗುವುದು ಅದರ ಹಿಂದಿನ ಕಥೆ ನಿಂತ ಕಡೆ. ಕ್ರಯಪತ್ರವೂ ಒಂದು ಚರಿತ್ರೆಯೇ, ಎಲ್ಲಿಂದ ಶುರು ಮಾಡಬೇಕೆಂದು ಮೊದಲೇ ತೀರ್ಮಾನಿಸಿಕೊಂಡ ಚರಿತ್ರೆ.

ನಮ್ಮ ನಿವೇಶನದ ಹಳೆಯ ನಕ್ಷೆಯೊಂದರ ಮೂಲೆಯಲ್ಲಿ 'ಯಡಿಯೂರು' ಎಂದು ಬರೆದಿತ್ತು. ಒಂದು ಭಾನುವಾರ ಬೆಳಿಗ್ಗೆ ಆ ಕಡೆ ನಡೆದೆ. ಜಯನಗರದ ರಸ್ತೆಗಳು ಅಳತೆಗೋಲು ಇಟ್ಟು ಎಳೆದಂತಿವೆ. ಮೇನ್‌ಗಳು ಒಂದು ದಿಕ್ಕಿಗೆ, ಕ್ರಾಸ್‌ಗಳು ಇನ್ನೊಂದು ದಿಕ್ಕಿಗೆ. ಇದ್ದಕ್ಕಿದ್ದಂತೆ ಒಂದು ತಿರುವಿನಲ್ಲಿ ರಸ್ತೆ ಕಿರಿದಾಗಿ ಡೊಂಕಾದರೆ, ಮನೆಗಳು ಒಂದಕ್ಕೊಂದು ಅಂಟಿಕೊಂಡರೆ, ನೀವು ಬಡಾವಣೆಯಿಂದ ಊರಿನೊಳಕ್ಕೆ ಬಂದಿರಿ ಎಂದರ್ಥ. ಹೊಲಗಳನ್ನು ತೆಗೆದುಕೊಂಡು ಮನೆಗಳಿದ್ದ ಗ್ರಾಮಠಾಣವನ್ನು ಬಿಟ್ಟದ್ದರ ಗುರುತು ಅದು. ಯಡಿಯೂರು, ಭೈರಸಂದ್ರ, ಕನಕನಪಾಳ್ಯ, ಸಿದ್ದಾಪುರ, ಇವೆಲ್ಲ ಜಯನಗರಕ್ಕೆ ಮೊದಲೇ ಇದ್ದ ಹೆಸರುಗಳು. ಯಡಿಯೂರಿಗೆ ಕೆರೆ ಉಳಿದಿದೆ, ಭೈರಸಂದ್ರಕ್ಕೂ ಉಳಿದಿದೆ. ಗದ್ದೆಗೆ ನೀರು ಕೊಡುವ ಕೆಲಸ ಹೋಗಿ ಈಗ ಅವುಗಳ ದಡದಲ್ಲಿ ನಾವು ವಾಕಿಂಗ್ ಮಾಡುತ್ತೇವೆ.

ಒಂಬತ್ತನೇ ಬ್ಲಾಕಿನ ರಾಗಿಗುಡ್ಡದ ಹೆಸರೂ ಇದೇ ಸಾಲಿಗೆ ಸೇರಿದ್ದು. ದಾನಕ್ಕೆಂದು ಸೊಸೆ ಎತ್ತಿಟ್ಟ ರಾಗಿಯನ್ನು ಅತ್ತೆ ಕೊಡಬಾರದೆಂದಳಂತೆ, ರಾಶಿ ಕಲ್ಲಾಗಿ ಗುಡ್ಡವಾಯಿತಂತೆ. ಮೊನ್ನೆ 2025ರ ಆಗಸ್ಟಿನಲ್ಲಿ ಶುರುವಾದ ಮೆಟ್ರೋದ ಹಳದಿ ಮಾರ್ಗದಲ್ಲಿ ಆ ಹೆಸರಿನದೇ ಒಂದು ನಿಲ್ದಾಣವಿದೆ. ರಾಗಿ ಬೆಳೆದ ನೆಲದ ನೆನಪನ್ನು ಈಗ ದಿನಕ್ಕೆ ಎಷ್ಟೋ ಸಲ ಧ್ವನಿವರ್ಧಕ ಕೂಗಿ ಹೇಳುತ್ತದೆ.

ಯಡಿಯೂರಿನ ಒಂದು ಜಗಲಿಯ ಮೇಲೆ ಕುಳಿತಿದ್ದ ತಾತನನ್ನು ಮಾತಾಡಿಸಿದೆ. ಎಂಬತ್ತು ದಾಟಿರಬೇಕು. ನಾವು ನೋಡಿರುವ ಮನೆಯ ರಸ್ತೆ ಹೇಳಿದೆ. 'ಅದು ಯಾವ ಮೇನೋ ನಂಗೊತ್ತಿಲ್ಲ ತಾಯಿ. ಆ ಕಡೆ ಎಲ್ಲ ರಾಗಿ, ಹುರುಳಿ. ನಾವು ಹುಡುಗ್ರು ಅವರೆಕಾಯಿ ಕದ್ದು ಓಡ್ತಿದ್ವಿ' ಎಂದರು. ಹೊಲಗಳಿಗೆ ಹೆಸರಿತ್ತೇ ಎಂದೆ. 'ಇಲ್ದೆ ಏನು? ಬೇವಿನಮರದ ಹೊಲ, ಬಾವಿ ಹೊಲ, ಗುಂಡು ತೋಪು...' ಎಂದು ಎಣಿಸಿದರು. ದೂರಿನ ಧ್ವನಿ ಇರಲಿಲ್ಲ. ತಾವೇ ಆ ಕಾಲದಲ್ಲಿ ಜಯನಗರದ ಎಷ್ಟೋ ಮನೆಗಳಿಗೆ ಗಾರೆ ಕೆಲಸ ಮಾಡಿದ್ದನ್ನು ಹೆಮ್ಮೆಯಿಂದ ಹೇಳಿದರು. ಹೊರಡುವಾಗ 'ಕೊಂಡ್ಕೊ, ಒಳ್ಳೇ ಜಾಗ' ಎಂದರು. ಆ ಮಾತನ್ನು ಆಶೀರ್ವಾದವೆಂದು ತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಮನೆಗೆ ಬಂದು ಅಮ್ಮನ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಕಟ್ಟಿನಿಂದ ಒಂದೇ ಒಂದು ಅಂಕಿ ಕೇಳಿದರು: 'ನೆಲದಲ್ಲಿ ನಮ್ಮ ಪಾಲೆಷ್ಟು?'

ಕರಡು ಪತ್ರದಲ್ಲಿ ಅದು ಹೀಗಿತ್ತು: 2400 ಚದರ ಅಡಿಯಲ್ಲಿ 272 ಚದರ ಅಡಿ ಅವಿಭಾಜ್ಯ ಹಕ್ಕು. ಗುಂಟೆಗೆ 1089 ಚದರ ಅಡಿ. ಅಮ್ಮ ಕ್ಯಾಲ್ಕುಲೇಟರು ಮುಟ್ಟದೆ 'ಕಾಲು ಗುಂಟೆ' ಎಂದರು. ಸ್ವಲ್ಪ ಹೊತ್ತು ಬಿಟ್ಟು 'ಇಪ್ಪತ್ತು ಗುಂಟೆ ಕೊಟ್ಟು ಕಾಲು ಗುಂಟೆ' ಎಂದು ನಕ್ಕರು. ಆ ನಗು ನನಗೆ ಹಿತವಾಗಲಿಲ್ಲ.

ಈ ಕಾಲು ಗುಂಟೆ ವಿಚಿತ್ರವಾದದ್ದು. ಆ ನಿವೇಶನದಲ್ಲಿ ಯಾವ 272 ಅಡಿ ನಮ್ಮದು ಎಂದು ಬೊಟ್ಟು ಮಾಡಿ ತೋರಿಸಲಾಗದು. ಬೇಲಿ ಹಾಕಲಾಗದು. ಹೀಗೆ ನೆಲದಿಂದ ಬಿಡಿಸಿ ಮಹಡಿಯೊಂದನ್ನು ಸ್ವಂತವೆನ್ನಬಹುದು ಎಂಬುದು ಕಾನೂನಿಗೆ ಬಹುಕಾಲ ತೊಡಕಿನ ಮಾತಾಗಿತ್ತು. ಕಟ್ಟಡ ನೆಲಕ್ಕೆ ಸೇರಿದ್ದು, ನೆಲದೊಡೆಯನೇ ಕಟ್ಟಡದ ಒಡೆಯ ಎಂದು ರೋಮನ್ನರ ಕಾನೂನು ಹೇಳುತ್ತಿತ್ತು. ನಮ್ಮಲ್ಲಿ ಮುಂಬಯಿಯ ಒತ್ತಡದಿಂದ ಮಹಾರಾಷ್ಟ್ರ 1963ರಲ್ಲಿ ಫ್ಲಾಟುಗಳ ಕಾಯಿದೆ ತಂದಿತು. ಕರ್ನಾಟಕದ ಎರಡು ಕಾಯಿದೆಗಳು, ಕಟ್ಟಿ ಮಾರುವವರ ಮೇಲಿನದು ಮತ್ತು ಅಪಾರ್ಟ್‌ಮೆಂಟಿನ ಒಡೆತನದ್ದು, 1972ರವು.

ಆದರೆ 'ಅವಿಭಾಜ್ಯ' ಎಂಬ ಪದ ನನಗೆ ಹೊಸದಲ್ಲ. ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರದಲ್ಲಿ ಪಾಲು ಮಾಡಬಾರದ ವಸ್ತುಗಳ ಚರ್ಚೆ ಬರುತ್ತದೆ. ಬಾವಿಯ ನೀರು ಅವುಗಳಲ್ಲೊಂದು. ಅಣ್ಣತಮ್ಮಂದಿರು ಬೇರೆಯಾದರೂ ಬಾವಿಯನ್ನು ಕಡಿದು ಹಂಚಿಕೊಳ್ಳಲಾಗದು, ಸರದಿಯಂತೆ ಬಳಸಬೇಕು. ಈಗ ನಮ್ಮ ಎಂಟು ಮನೆಯವರ ಅವಿಭಾಜ್ಯಗಳು ಯಾವುವು? ಸಂಪು, ಬೋರ್‌ವೆಲ್, ಮೆಟ್ಟಿಲು, ತಾರಸಿ. ಮೆಟ್ಟಿಲ ಬುಡದ ಮೀಟರ್ ಪೆಟ್ಟಿಗೆಯ ಮೇಲೆ ದಾರ ಕಟ್ಟಿದ ಒಂದು ನೋಟ್‌ಬುಕ್ ಇತ್ತು. ಟ್ಯಾಂಕರ್ ಬಂದ ದಿನ, ಯಾರು ಕೊಟ್ಟರು, ಯಾರು ಬಾಕಿ ಎಲ್ಲ ಅದರಲ್ಲಿತ್ತು. ವಿಜ್ಞಾನೇಶ್ವರ ಅದನ್ನು ನೋಡಿದ್ದರೆ ಗುರುತು ಹಿಡಿಯುತ್ತಿದ್ದರು.

ಅಮ್ಮನ ಇಪ್ಪತ್ತು ಗುಂಟೆಗೂ ಮಿತಾಕ್ಷರಕ್ಕೂ ನಂಟಿದೆ. ಆ ಸಂಪ್ರದಾಯದಲ್ಲಿ ಪಿತ್ರಾರ್ಜಿತದ ಮೇಲೆ ಹುಟ್ಟಿನಿಂದ ಹಕ್ಕು ಗಂಡುಮಕ್ಕಳಿಗೆ. ಕರ್ನಾಟಕ 1994ರಲ್ಲಿ ಜಾರಿಗೆ ಬಂದ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಆ ಹೊತ್ತಿಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಅಮ್ಮ ಹೊರಗುಳಿದವರಲ್ಲಿ ಒಬ್ಬರು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ತೆಗೆಯಿತು. ಮಾವಂದಿರು ಒಂದಷ್ಟು ಮುನಿಸಿಕೊಂಡು, ಆಮೇಲೆ ಒಪ್ಪಿ, ಹುಣಸೆಮರದ ಹೊಲದಲ್ಲಿ ಇಪ್ಪತ್ತು ಗುಂಟೆ ಬಿಟ್ಟುಕೊಟ್ಟರು. ಪಹಣಿಯಲ್ಲಿ ಅಮ್ಮನ ಹೆಸರು, ಬೆಳೆಯ ಕಾಲಂನಲ್ಲಿ ರಾಗಿ. ಮಾರುವಾಗ ದೊಡ್ಡ ಮಾವನಿಗೆ ತಾನೇ ಕೊಳ್ಳುವ ಆಸೆಯಿತ್ತು, ದುಡ್ಡಿರಲಿಲ್ಲ. ಕೊನೆಗೆ ತಿಪಟೂರಿನ ವ್ಯಾಪಾರಿಯೊಬ್ಬರು ಕೊಂಡು ತಂತಿಬೇಲಿ ಹಾಕಿಸಿದರು.

'ನನ್ನಿಂದಾಗಿ ಹೊಲ ಹೋಯ್ತು' ಎಂದು ನಾನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಅಮ್ಮ ಸಿಟ್ಟಾದರು. 'ಆ ಹೊಲ ನನಗೆ ಬಂದಿದ್ದೇ ಒಂದು ಕಾಯ್ದೆಯಿಂದ. ಐವತ್ತು ವರ್ಷ ನಾನು ಅದರಲ್ಲಿ ಕಳೆ ಕಿತ್ತಿದ್ದೀನಿ, ನನ್ನ ಹೆಸರಲ್ಲಿ ಇದ್ದಿದ್ದು ಕೆಲವೇ ವರ್ಷ. ಈಗ ನನ್ನಿಷ್ಟಕ್ಕೆ ಮಾರಿದ್ದೀನಿ. ಯಾರೂ ಕಿತ್ಕೊಂಡಿಲ್ಲ. ಅದಕ್ಕೂ ಇದಕ್ಕೂ ವ್ಯತ್ಯಾಸ ಇದೆ ಕಣೇ.' ಇತಿಹಾಸ ಓದಿದವಳು ನಾನು, ಯಡಿಯೂರಿನ ಹೊಲವನ್ನೂ ಹುಣಸೆಮರದ ಹೊಲವನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೆ. ಎರಡನ್ನೂ ಬೇರೆ ಮಾಡಿ ತೋರಿಸಿದ್ದು ಅಮ್ಮ.

ಕೊಳ್ಳುವುದೋ ಬೇಡವೋ ಎಂಬ ಪ್ರಶ್ನೆ ಕೊನೆಗೆ ನಿಂತದ್ದು ಇನ್ನೊಂದು ಕಾಗದದ ಮೇಲೆ. ಮಂಜೂರಾದ ನಕ್ಷೆಯಲ್ಲಿ ನೆಲಮಹಡಿ ಮತ್ತು ಮೇಲೆ ಎರಡು ಮಹಡಿ ಮಾತ್ರ ಇದ್ದವು, ಒಟ್ಟು ಆರು ಮನೆ. ಕಟ್ಟಿದವರು ಮೂರನೆಯದನ್ನೂ ಏರಿಸಿ ಎಂಟು ಮಾಡಿದ್ದರು. ಸ್ವಾಧೀನಾನುಭವ ಪತ್ರವೂ ಇಲ್ಲ. ಮೇಲೊಂದು ಮಹಡಿ ಏರಿದಾಗ ಕೆಳಗಿನವರ ನೆಲದ ಪಾಲು ಅವರಿಗೆ ಕಾಣದಂತೆ ಕರಗುತ್ತದೆ: ಆರಾಗಿದ್ದರೆ ಸರಾಸರಿ 400 ಚದರ ಅಡಿ ಸಿಗುತ್ತಿತ್ತು, ಎಂಟಾದಾಗ 300. ಇಂಥ ಕಟ್ಟಡಗಳನ್ನು ದಂಡ ಕಟ್ಟಿಸಿ ಸರಿಪಡಿಸುವ ಅಕ್ರಮ-ಸಕ್ರಮಕ್ಕೆ ಸುಪ್ರೀಂ ಕೋರ್ಟು 2017ರಲ್ಲಿ ತಡೆ ಕೊಟ್ಟಿತು. ಲಾಯರು ಬಿಡಿಸಿ ಹೇಳಿದರು: ನಮ್ಮ ಮನೆ ಎರಡನೇ ಮಹಡಿಯದು, ನಕ್ಷೆಯೊಳಗಿದೆ, ಖಾತೆ ಇದೆ, ಆದರೆ ಖಾತೆ ತೆರಿಗೆಯ ಲೆಕ್ಕವೇ ಹೊರತು ಒಡೆತನದ ಪುರಾವೆಯಲ್ಲ, ಕಟ್ಟಡ ಹಳತಾಗಿ ಮುಂದೊಂದು ದಿನ ಕೆಡವಬೇಕಾದರೆ ಉಳಿಯುವುದು ನೆಲದ ಪಾಲು ಮಾತ್ರ, ಆಗ ಎಂಟೂ ಜನ ಒಪ್ಪಬೇಕು. 'ಇದರಲ್ಲಿ ರಿಸ್ಕ್ ಇಲ್ಲ ಅಂತ ನಾನು ಹೇಳಲ್ಲ' ಎಂದರು. ಅದೇ ಮಾತಿನ ಆಧಾರದ ಮೇಲೆ ಬೆಲೆ ಇಳಿಸಿ ಕೇಳಿದೆವು. ಮಾರುವವರು ಸ್ವಲ್ಪ ಇಳಿದರು. ಅಮ್ಮ 'ಆಯ್ತು' ಎಂದರು.

ಪತ್ರಬರಹಗಾರರ ಅಂಗಡಿಯಲ್ಲಿ ಕರಡು ಓದುವಾಗ ನನಗೆ ಹಳೆಯ ನೆಂಟರು ಸಿಕ್ಕಂತಾಯಿತು. ಚಕ್ಕುಬಂದಿ ಇತ್ತು. ಶಾಸನಗಳಲ್ಲಿ ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ಹುತ್ತ, ಹುಣಸೆ, ಕೆರೆಯ ಏರಿ, ನಟ್ಟ ಕಲ್ಲುಗಳನ್ನು ಹೇಳುತ್ತಾರೆ. ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟವನ್ನು ತೆರೆದರೆ ಇಂಥವು ಸಿಗುತ್ತವೆ. ನಮ್ಮದರಲ್ಲಿ ಪೂರ್ವಕ್ಕೆ ಪಕ್ಕದ ಫ್ಲಾಟ್, ಪಶ್ಚಿಮಕ್ಕೆ ತೆರೆದ ಜಾಗ, ಉತ್ತರಕ್ಕೆ ಮೆಟ್ಟಿಲು, ದಕ್ಷಿಣಕ್ಕೆ ರಸ್ತೆ. ಅದರ ಕೆಳಗೆ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಶುರುವಾಗುವ ಅಷ್ಟಭೋಗದ ಪಟ್ಟಿ. ವಿಜಯನಗರದ ಕಾಲದ ದಾನಪತ್ರಗಳಲ್ಲಿ ಇಡೀ ಊರಿಗೆ ಹೇಳುತ್ತಿದ್ದದ್ದು ಎರಡನೇ ಮಹಡಿಯ ಒಂದು ಬೆಡ್‌ರೂಮಿನ ಮನೆಗೂ ಬಂದಿತ್ತು. ಅಲ್ಲಿ ಯಾವ ನಿಧಿ ಸಿಕ್ಕೀತೋ! ಕೊನೆಯಲ್ಲಿ, ದಾನವನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪದ ಬದಲು, ಮುಂದೆ ತಂಟೆ ತಕರಾರು ಬಂದರೆ ಮಾರಾಟಗಾರರೇ ಸ್ವಂತ ಖರ್ಚಿನಲ್ಲಿ ಬಗೆಹರಿಸಿಕೊಡತಕ್ಕದ್ದು ಎಂದಿತ್ತು.

ನಾನು ಸಂಕೋಚದಿಂದಲೇ ಕೇಳಿದೆ: 'ಷೆಡ್ಯೂಲಿನಲ್ಲಿ ಒಂದು ಸಾಲು ಸೇರಿಸಬಹುದಾ? ಹಿಂದೆ ಯಡಿಯೂರು ಗ್ರಾಮದ ಹೊಲವಾಗಿದ್ದ ಜಾಗ ಅಂತ?' ಅವರು ಕನ್ನಡಕ ತೆಗೆದು ನೋಡಿದರು. 'ಯಾಕ್ ಮೇಡಂ ಇಲ್ಲದ ತಲೆನೋವು? ಬ್ಯಾಂಕಿನವರು ಆ ಒಂದು ಸಾಲು ಹಿಡ್ಕೊಂಡು ಹತ್ತು ಕಾಗದ ಕೇಳ್ತಾರೆ.' ಸಾಲು ಸೇರಲಿಲ್ಲ.

ನೋಂದಣಿಯ ದಿನ ಅಮ್ಮ ಕ್ಯಾಮೆರಾದ ಮುಂದೆ ಕುಳಿತು, ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿದರು. ಮೊದಲ ಎರಡು ಸಲ ಗುರುತು ಮೂಡಲಿಲ್ಲ. 'ಸೀಮೆಸುಣ್ಣ ಹಿಡಿದೂ ಹಿಡಿದೂ ಗೆರೆ ಅಳಿಸಿಹೋಗಿದೆ' ಎಂದರು. ಮೂರನೆಯ ಸಲ ಬಂತು. ಹೊರಗೆ ಕಬ್ಬಿನಹಾಲು ಕುಡಿಯುತ್ತಾ, ಪತ್ರಬರಹಗಾರರು ಬಿಟ್ಟ ಸಾಲಿನ ಬಗ್ಗೆ ಅವರಿಗೆ ಹೇಳಿದೆ. 'ಅವರು ಬರೆಯದೇ ಇದ್ರೆ ನೀನು ಬರಿ. ನಿನ್ನ ಕೆಲಸ ಅದೇ ತಾನೆ?' ಎಂದರು.

ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ತಿಪಟೂರಿನ ಹತ್ತಿರ ಹುಣಸೆಮರದ ಹೊಲದಲ್ಲಿ ಇಪ್ಪತ್ತು ಗುಂಟೆ ಮಾರಿ, ಯಡಿಯೂರಿನ ಹೊಲವೊಂದರಲ್ಲಿ ಕಾಲು ಗುಂಟೆ ಕೊಂಡಿದ್ದೇವೆ. ಆ ಹೊಲದ ಹೆಸರು ಬೇವಿನಮರದ ಹೊಲ ಇರಬಹುದು, ಬಾವಿ ಹೊಲ ಇರಬಹುದು. ಅಲ್ಲಿ ರಾಗಿ ಬೆಳೆಯುತ್ತಿತ್ತು, ಹುಡುಗರು ಅವರೆಕಾಯಿ ಕದಿಯುತ್ತಿದ್ದರು. ಟೈಟಲ್ ಕ್ಲಿಯರ್ ಇದೆ. ನೋಟ್‌ಬುಕ್ಕಿನಲ್ಲಿ ಈ ತಿಂಗಳ ಟ್ಯಾಂಕರಿನ ಬಾಬ್ತು ನಮ್ಮದೂ ಬಾಕಿಯಿದೆ.